ಪಾರ್ಕ್ 51: ಕಾನೂನು ತಡೆಯಲಿಲ್ಲ ಅಂದಮೇಲೆ ಕಟ್ಟಡ ಯಾಕೆ ಏಳಲಿಲ್ಲ?

ಪ್ರಶ್ನೆ (ಓದುಗ_ಕಟ್ಟೆ):
2010ರಲ್ಲಿ ನ್ಯೂಯಾರ್ಕಿನಲ್ಲಿ, ಅವಳಿ ಗೋಪುರ ಬಿದ್ದ 'ಗ್ರೌಂಡ್ ಝೀರೋ' ಹತ್ತಿರ ಕಟ್ಟಬೇಕೆಂದಿದ್ದ ಪಾರ್ಕ್ 51 ಯೋಜನೆಯ ಸುತ್ತ ಎದ್ದ 'ಗ್ರೌಂಡ್ ಝೀರೋ ಮಸೀದಿ' ವಿವಾದದ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚಾಗ್ತಿದೆ. ನಗರದ ಸಮಿತಿಗಳು ಒಪ್ಪಿದವು ಅಂತ ಒಬ್ಬರು ಬರೀತಾರೆ, ಜನರ ವಿರೋಧಕ್ಕೆ ಮಣಿದು ಕೈಬಿಟ್ಟರು ಅಂತ ಇನ್ನೊಬ್ಬರು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಅದು ನಿಜಕ್ಕೂ ಅವಳಿ ಗೋಪುರ ಬಿದ್ದ ಜಾಗದಲ್ಲೇ ಇತ್ತಾ? ತಡೆಯುವ ಅಧಿಕಾರ ಯಾರಿಗಿತ್ತು? ಕೊನೆಗೆ ಅಲ್ಲಿ ಏನಾಯ್ತು?

ಉತ್ತರ (ನಕ್ಷೆ_ನೋಡುವವ):
ಮೊದಲು ಜಾಗ. ವಿಳಾಸ ಲೋವರ್ ಮ್ಯಾನ್‌ಹ್ಯಾಟನ್‌ನ 45ರಿಂದ 51 ಪಾರ್ಕ್ ಪ್ಲೇಸ್. ಗೋಪುರಗಳಿದ್ದ ಆವರಣದಿಂದ ಉತ್ತರಕ್ಕೆ ಎರಡು ಬ್ಲಾಕ್ ದೂರ. ಆವರಣದ ಒಳಗಲ್ಲ, ಅದಕ್ಕೆ ಅಂಟಿಕೊಂಡೂ ಅಲ್ಲ. ಹಾಗಂತ 2001ರ ದಾಳಿಗೂ ಆ ಕಟ್ಟಡಕ್ಕೂ ಸಂಬಂಧವೇ ಇಲ್ಲ ಅನ್ನೋದೂ ತಪ್ಪು. ಅದು 1850ರ ದಶಕದ ಐದಂತಸ್ತಿನ ಕಟ್ಟಡ, ಬರ್ಲಿಂಗ್ಟನ್ ಕೋಟ್ ಫ್ಯಾಕ್ಟರಿಯ ಬಟ್ಟೆ ಮಳಿಗೆ ಅಲ್ಲಿತ್ತು. ದಕ್ಷಿಣ ಗೋಪುರಕ್ಕೆ ಬಡಿದ ಯುನೈಟೆಡ್ 175 ವಿಮಾನದ ಲ್ಯಾಂಡಿಂಗ್ ಗೇರ್ ಭಾಗ ಅದರ ಚಾವಣಿ ಸೀಳಿಕೊಂಡು ಒಳಗೆ ಬಿತ್ತು. ಅಂದು ಮುಚ್ಚಿದ ಮಳಿಗೆ ಮತ್ತೆ ತೆರೆಯಲಿಲ್ಲ. 2013ರ ಏಪ್ರಿಲ್‌ನಲ್ಲಿ 51 ಪಾರ್ಕ್ ಪ್ಲೇಸ್‌ನ ಹಿಂಭಾಗದಲ್ಲಿ, ಎರಡು ಗೋಡೆಗಳ ನಡುವಿನ ಒಂದೂವರೆ ಅಡಿಯಷ್ಟರ ಸಂದಿಯಲ್ಲಿ, ಸುಮಾರು ಐದಡಿ ಉದ್ದದ ತುಕ್ಕು ಹಿಡಿದ ಲೋಹದ ಭಾಗ ಸಿಕ್ಕಿತು. ಅದರ ಮೇಲೆ ಬೋಯಿಂಗ್ ಗುರುತು ಇತ್ತು. ಅದು ರೆಕ್ಕೆಯ ಫ್ಲ್ಯಾಪ್‌ಗೆ ಸೇರಿದ ಭಾಗ ಅಂತ ಆಮೇಲೆ ಗೊತ್ತಾಯಿತು. ಹನ್ನೆರಡು ವರ್ಷ ಹತ್ತಿರ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇನ್ನು 'ಮಸೀದಿ' ಅನ್ನೋದು. ಯೋಜನೆಯ ಮೊದಲ ಹೆಸರು ಕಾರ್ಡೋಬಾ ಹೌಸ್, ಪಾರ್ಕ್ 51 ಅನ್ನೋದು ಆಮೇಲಿನ ಹೆಸರು. ಈಜುಕೊಳ, ವ್ಯಾಯಾಮಶಾಲೆ, 500 ಆಸನಗಳ ಸಭಾಂಗಣ, ಅಡುಗೆ ತರಗತಿ, 2001ರಲ್ಲಿ ಸತ್ತವರ ಸ್ಮಾರಕ, ಪ್ರಾರ್ಥನೆಯ ಜಾಗ, ಎಲ್ಲ ಸೇರಿ 13 ಅಂತಸ್ತು, ಅಂದಾಜು ವೆಚ್ಚ 10 ಕೋಟಿ ಡಾಲರ್. ಪ್ರಾರ್ಥನಾ ಸ್ಥಳ ಒಳಗೆ ಇತ್ತು, ಅದನ್ನು ಮುಚ್ಚಿಟ್ಟು 'ಬರೀ ಸಮುದಾಯ ಭವನ' ಅನ್ನೋದೂ ಸರಿಯಲ್ಲ. 2009ರ ಸೆಪ್ಟೆಂಬರ್‌ನಿಂದಲೇ ಆ ಹಳೇ ಮಳಿಗೆಯಲ್ಲಿ ಶುಕ್ರವಾರದ ನಮಾಜು ಸದ್ದಿಲ್ಲದೆ ನಡೀತಿತ್ತು. ಅಲ್ಲೇ ಹತ್ತಿರದಲ್ಲಿ ಮಸ್ಜಿದ್ ಮ್ಯಾನ್‌ಹ್ಯಾಟನ್ ಅನ್ನೋದು 1970ರಿಂದಲೂ ಇದೆ. ಅಂದರೆ ಆ ಬಡಾವಣೆಗೆ ನಮಾಜು ಹೊಸದಲ್ಲ.

ಉತ್ತರ (ಕಾಯ್ದೆ_ಕಡತ):
ಎರಡನೇ ಪ್ರಶ್ನೆಗೆ ಬರ್ತೀನಿ. ಬರೆಯುವವರು ಹೆಚ್ಚು ಎಡವೋದು ಇಲ್ಲೇ. 'ನಗರ ಅನುಮತಿ ಕೊಟ್ಟಿತು' ಅನ್ನೋ ವಾಕ್ಯವೇ ಮೂಲದಲ್ಲಿ ಸಡಿಲ. ಆ ಜಾಗ ಇದ್ದದ್ದು ವಾಣಿಜ್ಯ ವಲಯದಲ್ಲಿ, ಅಲ್ಲಿ ಪ್ರಾರ್ಥನಾ ಮಂದಿರ ಕಟ್ಟೋದು ಮಾಲೀಕನ ಸಹಜ ಹಕ್ಕು. ವಲಯ ಬದಲಾವಣೆ ಬೇಡ, ವಿಶೇಷ ಪರವಾನಗಿ ಬೇಡ. ಕಟ್ಟಡ ಇಲಾಖೆ ನಕ್ಷೆ ನೋಡಿ, ಎತ್ತರ, ಬೆಂಕಿ ಸುರಕ್ಷತೆ, ಹೊರಹೋಗುವ ದಾರಿ ಸರಿ ಇದ್ದರೆ ಮುದ್ರೆ ಒತ್ತಬೇಕು, ಅಷ್ಟೇ. ಒಳಗೆ ಯಾರು ಯಾವ ದೇವರನ್ನು ಪ್ರಾರ್ಥಿಸ್ತಾರೆ ಅಂತ ಕೇಳೋಕೆ ಅದಕ್ಕೆ ಅಧಿಕಾರವಿಲ್ಲ.

ಹಾಗಾದರೆ 2010ರ ಮೇ 25ರ ಮತದಾನ? ಅದು ಕಮ್ಯುನಿಟಿ ಬೋರ್ಡ್ 1ರದು. 29 ಪರ, 1 ವಿರೋಧ, 10 ಜನ ತಟಸ್ಥ. ಕಮ್ಯುನಿಟಿ ಬೋರ್ಡ್ ಅಂದರೆ ಆ ಭಾಗದ ಸ್ಥಳೀಯರ ಮಂಡಳಿ, ಬರೀ ಸಲಹೆ ಕೊಡುವ ಸಂಸ್ಥೆ. ಅವರು ಬೇಡ ಅಂದಿದ್ದರೂ ಕಟ್ಟಬಹುದಿತ್ತು. ಕಾನೂನಿನ ದೃಷ್ಟಿಯಲ್ಲಿ ಬೇಕಿಲ್ಲದ ಒಂದು ಮತದಾನವೇ ಇಡೀ ದೇಶದ ಕಣ್ಣು ಆ ಕಡೆ ತಿರುಗೋ ಹಾಗೆ ಮಾಡಿತು. ಒಪ್ಪಿಗೆ ಅಗತ್ಯವಿಲ್ಲದ ಕಡೆ ಒಪ್ಪಿಗೆ ಕೇಳಲು ಹೋದರೆ, ನಿರಾಕರಿಸುವ ಹಕ್ಕೂ ನಮಗಿದೆ ಅಂತ ಜನ ನಂಬ್ತಾರೆ. ಪ್ರವರ್ತಕರ ದೊಡ್ಡ ಲೆಕ್ಕತಪ್ಪು ಇದೇ ಅನ್ನೋದು ನನ್ನ ಅಭಿಪ್ರಾಯ. ನೆರೆಹೊರೆಯವರ ಜೊತೆ ಮಾತಾಡಬೇಕಿತ್ತು, ನಿಜ. ಆದರೆ ಸತ್ತವರ ಮನೆಯವರ ಜೊತೆ ಮೊದಲು, ಸದ್ದಿಲ್ಲದೆ. ಬೋರ್ಡಿನ ಸಭೆಗೆ ಹೋಗೋದು ಆಮೇಲೆ.

ನಿಜವಾಗಿ ತಡೆಯಬಹುದಾಗಿದ್ದ ಬಾಗಿಲು ಒಂದೇ: ಹಳೇ ಕಟ್ಟಡವನ್ನು ಸಂರಕ್ಷಿತ ಸ್ಮಾರಕ ಅಂತ ಘೋಷಿಸೋದು. ಹಾಗೆ ಘೋಷಿಸಿದರೆ ಕೆಡವಲು ಬರುವುದಿಲ್ಲ, ಕೆಡವದೆ 13 ಅಂತಸ್ತು ಏರುವುದಿಲ್ಲ. ನ್ಯೂಯಾರ್ಕಿನ ಸ್ಮಾರಕ ಕಾನೂನು 1965ರದು, ಕಟ್ಟಡಕ್ಕೆ ಕನಿಷ್ಠ 30 ವರ್ಷ ಆಗಿರಬೇಕು. ವಯಸ್ಸಿನ ಷರತ್ತು ಇಲ್ಲಿ ಸುಲಭವಾಗಿ ಪೂರೈಸ್ತಿತ್ತು. ವಿರೋಧಿಗಳ ಮುಖ್ಯ ವಾದ, ವಿಮಾನದ ಭಾಗ ಬಿದ್ದದ್ದರಿಂದ ಇದು ಐತಿಹಾಸಿಕ ಅನ್ನೋದು. ಅಂದು ಅವಶೇಷ ಬಿದ್ದ ಕಟ್ಟಡಗಳು ಆ ಸುತ್ತಮುತ್ತ ಎಷ್ಟೋ ಇವೆ, ಅದೊಂದೇ ಕಾರಣಕ್ಕೆ ಎಲ್ಲವನ್ನೂ ಸ್ಮಾರಕ ಮಾಡಲಾಗದು, ವಾಸ್ತುಶಿಲ್ಪದಲ್ಲೂ ಇದಕ್ಕಿಂತ ಒಳ್ಳೆಯ ಮಾದರಿಗಳಿವೆ ಅಂತ ನಗರದ ಸ್ಮಾರಕ ಸಂರಕ್ಷಣಾ ಆಯೋಗ ಹೇಳಿತು. 2010ರ ಆಗಸ್ಟ್ 3ರಂದು 9-0 ಮತದಿಂದ ಬೇಡಿಕೆ ಬಿದ್ದುಹೋಯಿತು. ಅದೇ ದಿನ ಮೇಯರ್ ಬ್ಲೂಮ್‌ಬರ್ಗ್ ಗವರ್ನರ್ಸ್ ದ್ವೀಪದಲ್ಲಿ ನಿಂತು ಮಾಲೀಕರ ಹಕ್ಕಿನ ಪರ ಮಾತಾಡಿದರು.

ಆ ತೀರ್ಮಾನ ರದ್ದಾಗಬೇಕು ಅಂತ, ದಾಳಿಯ ದಿನ ರಕ್ಷಣೆಗೆ ಬಂದಿದ್ದ ಮಾಜಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಕೋರ್ಟಿಗೆ ಹೋದರು. 2011ರ ಜುಲೈಯಲ್ಲಿ ಅರ್ಜಿ ವಜಾ ಆಯಿತು. ಒಂದು ಜಾಗದ ಬಗ್ಗೆ ಆಳವಾದ ಭಾವನೆ ಇದೆ ಅನ್ನೋದಷ್ಟರಿಂದಲೇ ದಾವೆ ಹೂಡುವ ಅರ್ಹತೆ ಬರುವುದಿಲ್ಲ, ಬೇರೆಯವರಿಗಿಲ್ಲದ ನೇರ ಹಾನಿ ತನಗಾಗಿದೆ ಅಂತ ತೋರಿಸಬೇಕು. ಇಂಥ ಅರ್ಜಿಗಳು ಸೋಲುವುದು ಹೆಚ್ಚಾಗಿ ಈ ಮೊದಲ ಮೆಟ್ಟಿಲಲ್ಲೇ.

ಉತ್ತರ (ಎರಡು_ಮಾತು):
ಮೇಲಿನವರು ಹೇಳಿದ್ದೆಲ್ಲ ಕಾನೂನು, ಅದರಲ್ಲಿ ತಕರಾರಿಲ್ಲ. ಆದರೆ ವಿರೋಧಿಸಿದವರನ್ನೆಲ್ಲ ಒಂದೇ ಚೀಲಕ್ಕೆ ತುಂಬಬೇಡಿ. ಗೋಪುರಗಳ ಮೇಲಿನ ದಾಳಿಯಲ್ಲಿ 2,700ಕ್ಕೂ ಹೆಚ್ಚು ಜನ ಸತ್ತರು. ಸುಮಾರು ಐದರಲ್ಲಿ ಎರಡು ಪಾಲು ಕುಟುಂಬಗಳಿಗೆ ಗುರುತಿಸಬಹುದಾದ ಒಂದು ಮೂಳೆಯೂ ಸಿಕ್ಕಿರಲಿಲ್ಲ. ಅಂಥವರಿಗೆ ಆ ಇಡೀ ಸುತ್ತಳತೆಯೇ ಸಮಾಧಿ. ಇನ್ನೊಂದು ಕಡೆ, ಸತ್ತವರಲ್ಲಿ ಮುಸ್ಲಿಮರೂ ಇದ್ದರು. ದಕ್ಷಿಣ ಗೋಪುರದ 17ನೇ ಮಹಡಿಯಲ್ಲಿ ನಮಾಜಿನ ಕೋಣೆಯೇ ಇತ್ತು. ಕುಟುಂಬಗಳಲ್ಲೂ ಒಡಕಿತ್ತು: 'ಪೀಸ್‌ಫುಲ್ ಟುಮಾರೋಸ್' ಗುಂಪು ಯೋಜನೆಯ ಪರ ನಿಂತಿತು, ಬೇರೆ ಗುಂಪುಗಳು ಗಟ್ಟಿಯಾಗಿ ವಿರೋಧಿಸಿದವು. 'ಸಂತ್ರಸ್ತ ಕುಟುಂಬಗಳ ಅಭಿಪ್ರಾಯ' ಅಂತ ಏಕವಚನದಲ್ಲಿ ಬರೆದರೆ ಅದು ಸುಳ್ಳಾಗುತ್ತೆ.

2010ರ ಆಗಸ್ಟ್‌ನ ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಜನಮತ ಸಮೀಕ್ಷೆ ನೋಡಿ. ನ್ಯೂಯಾರ್ಕ್ ರಾಜ್ಯದ ಮತದಾರರಲ್ಲಿ 54% ಜನ ಮುಸ್ಲಿಮರಿಗೆ ಅಲ್ಲಿ ಕಟ್ಟುವ ಹಕ್ಕಿದೆ ಅಂದರು. ಆದರೆ ಅವರೇ ಸ್ವಇಚ್ಛೆಯಿಂದ ಬೇರೆ ಕಡೆ ಹೋಗಲಿ ಅಂದವರು 71%. ಎರಡೂ ಉತ್ತರ ಕೊಟ್ಟವರು ಬಹಳ ಮಂದಿ ಇರಲೇಬೇಕಲ್ಲ? ಹಕ್ಕು ಬೇರೆ, ಔಚಿತ್ಯ ಬೇರೆ ಅಂತ ಸಾಮಾನ್ಯ ಜನರೇ ಬಿಡಿಸಿಟ್ಟಿದ್ದರು. ಟಿವಿ ಚರ್ಚೆಗಳೇ ಎರಡನ್ನೂ ಕಲಸಿದ್ದು.

ವಿರೋಧಿಗಳು ಆಗ ಮತ್ತೆ ಮತ್ತೆ ಎತ್ತಿದ ಉದಾಹರಣೆ ಆಶ್ವಿಟ್ಸ್, ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಶಿಬಿರ. ಅಲ್ಲಿ ಶಿಬಿರದ ಅಂಚಿನ ಕಟ್ಟಡದಲ್ಲಿ 1984ರಲ್ಲಿ ಕಾರ್ಮೆಲೈಟ್ ಪಂಥದ ಕ್ಯಾಥೊಲಿಕ್ ಸನ್ಯಾಸಿನಿಯರು ನೆಲೆಸಿದರು. ಯಹೂದಿಗಳು ನೊಂದುಕೊಂಡರು, ಕೊನೆಗೆ 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೂಚನೆಯಂತೆ ಅವರು ಜಾಗ ಬಿಟ್ಟರು. ಈ ಹೋಲಿಕೆ ಅರ್ಧ ಮಾತ್ರ ಹೊಂದುತ್ತೆ. ಅಲ್ಲಿ ಮನವಿ ಮಾಡಿದ್ದು ಅವರದೇ ಧರ್ಮದ ಮುಖ್ಯಸ್ಥರು. ಇಲ್ಲಿ ಹೋಗಿ ಅಂದವರಲ್ಲಿ ಚುನಾವಣೆಗೆ ನಿಂತ ರಾಜಕಾರಣಿಗಳೂ ಇದ್ದರು. ಗವರ್ನರ್ ಹುದ್ದೆಯ ಅಭ್ಯರ್ಥಿ ಕಾರ್ಲ್ ಪಲಡೀನೊ ಸರ್ಕಾರದ ಭೂಸ್ವಾಧೀನ ಅಧಿಕಾರ ಬಳಸಿಯಾದರೂ ನಿಲ್ಲಿಸ್ತೀನಿ ಅಂದರು.

ಉತ್ತರ (ಲೆಕ್ಕ_ಪುಸ್ತಕ):
ಮೂರನೇ ಪ್ರಶ್ನೆಗೆ ಉತ್ತರ: ದುಡ್ಡು. ಗದ್ದಲದ ಹಿಂದೆ ಈ ವಿಷಯ ಮರೆಯಾಗಿಬಿಟ್ಟಿದೆ. ಯೋಜನೆಯ ಪ್ರವರ್ತಕ ಶರೀಫ್ ಎಲ್-ಗಮಾಲ್ ಅವರ ಕಂಪನಿ ಸೋಹೊ ಪ್ರಾಪರ್ಟೀಸ್ 2009ರ ಜುಲೈಯಲ್ಲಿ 45-47ನೇ ನಂಬರಿನ ಕಟ್ಟಡವನ್ನು 48.5 ಲಕ್ಷ ಡಾಲರ್‌ಗೆ ಕೊಂಡಿತು. ಪಕ್ಕದ 49-51 ಅವರದಲ್ಲ. ಅದು ವಿದ್ಯುತ್ ಕಂಪನಿ ಕಾನ್ ಎಡಿಸನ್‌ನದು, ಇವರ ಕೈಲಿದ್ದದ್ದು ಗುತ್ತಿಗೆ ಮಾತ್ರ. 2011ರಲ್ಲಿ 17 ಲಕ್ಷ ಡಾಲರ್ ಬಾಡಿಗೆ ಬಾಕಿ ಅಂತ ಕಂಪನಿ ಕೇಳಿ, ಅದೂ ಕೋರ್ಟ್ ಮೆಟ್ಟಿಲೇರಿತು. ಎರಡೂ ನಿವೇಶನ ಕೂಡದೆ 13 ಅಂತಸ್ತಿನ ನಕ್ಷೆಯೇ ನಿಲ್ಲೋದಿಲ್ಲ.

10 ಕೋಟಿ ಎತ್ತಬೇಕಾದರೆ ನಂಬಿಕೆ ಗಳಿಸಿದ ಲಾಭರಹಿತ ಸಂಸ್ಥೆ, ಆಡಳಿತ ಮಂಡಳಿ, ಎಲ್ಲರೂ ಒಪ್ಪುವ ಮುಖ ಬೇಕು. ಆ ಮುಖವಾಗಿದ್ದವರು ಇಮಾಮ್ ಫೈಸಲ್ ಅಬ್ದುಲ್ ರವೂಫ್. 2011ರ ಜನವರಿಯಲ್ಲಿ ಅವರ ಪಾತ್ರ ಮೊಟಕಾಯಿತು. ಅವರ ಜಾಗಕ್ಕೆ ಬಂದ ಹೊಸ ಧಾರ್ಮಿಕ ಸಲಹೆಗಾರರೂ ಮುಂದಿನ ತಿಂಗಳೇ ಬಿಟ್ಟರು. ದಾನಿ ಯಾರನ್ನು ನಂಬಿ ಚೆಕ್ ಬರೆಯಬೇಕು? ವಿದೇಶದಿಂದ ಹಣ ಬರುತ್ತಾ ಅನ್ನೋ ಅನುಮಾನ ಬೇರೆ, ಆದ್ದರಿಂದ ಪ್ರತಿ ಡಾಲರಿನ ಮೂಲವೂ ರಾಜಕೀಯ ಪ್ರಶ್ನೆಯಾಯಿತು. 2010ರ ನವೆಂಬರ್‌ನಲ್ಲಿ ದಾಳಿಯ ನಂತರದ ಸರ್ಕಾರಿ ಮ್ಯಾನ್‌ಹ್ಯಾಟನ್ ಪುನರ್ನಿರ್ಮಾಣ ನಿಧಿಯಿಂದ ಸುಮಾರು 50 ಲಕ್ಷ ಡಾಲರ್ ಕೇಳಿ ಅರ್ಜಿ ಹಾಕಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು. ಕೇಳಿದ್ದು ಪ್ರಾರ್ಥನಾ ಭಾಗಕ್ಕಲ್ಲ, ಸಮಾಜ ಸೇವಾ ಕಾರ್ಯಕ್ರಮಗಳಿಗೆ, ಆದರೂ ಆ ವ್ಯತ್ಯಾಸ ಯಾರ ಕಿವಿಗೂ ಬೀಳಲಿಲ್ಲ.

2011ರ ಸೆಪ್ಟೆಂಬರ್‌ನಲ್ಲಿ ಹಳೇ ಕಟ್ಟಡದ ಸುಮಾರು 4,000 ಚದರಡಿಯಲ್ಲಿ ಒಂದು ಚಿಕ್ಕ ಕೇಂದ್ರ ತೆರೆಯಿತು. ಪ್ರತಿಭಟನೆ ಗಿತಿಭಟನೆ ದೊಡ್ಡದಾಗಿ ಏನೂ ಆಗಲಿಲ್ಲ. ಮುಂದೆ ಕಟ್ಟಡ ಕೆಡವಿದರು, ಈಗ ಅಲ್ಲಿರುವುದು 43 ಅಂತಸ್ತಿನ ಐಷಾರಾಮಿ ವಸತಿ ಗೋಪುರ.

ಓದುಗ_ಕಟ್ಟೆ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಕೋರ್ಟಿನಲ್ಲಿ ನಿಜಕ್ಕೂ ಇತ್ಯರ್ಥವಾದ ಪ್ರಕರಣ ಬೇಕೆಂದರೆ ಯಾವುದು ನೋಡಲಿ?

ಉತ್ತರ (ಕಾಯ್ದೆ_ಕಡತ):
ಎರಡು ನೋಡಿ. ಟೆನೆಸಿಯ ಮರ್ಫ್ರೀಸ್‌ಬರೊದಲ್ಲಿ ಒಂದು ಮಸೀದಿಗೆ ಯೋಜನಾ ಆಯೋಗ 2010ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಸಭೆಗೆ ಮುನ್ನ ಕೊಟ್ಟ ಸಾರ್ವಜನಿಕ ಪ್ರಕಟಣೆ ಸಾಲದು ಅಂತ ಸ್ಥಳೀಯ ನ್ಯಾಯಾಧೀಶರು 2012ರಲ್ಲಿ ಆ ಒಪ್ಪಿಗೆ ರದ್ದು ಮಾಡಿದರು. ಆಗ ಕೇಂದ್ರ ನ್ಯಾಯ ಇಲಾಖೆಯೇ 2000ದ ಧಾರ್ಮಿಕ ಭೂಬಳಕೆ ಕಾಯ್ದೆಯಡಿ ದಾವೆ ಹೂಡಿತು, ಅದೇ ಆಗಸ್ಟ್‌ನಲ್ಲಿ ಮಸೀದಿ ತೆರೆಯಿತು.

ಇನ್ನೊಂದು ನ್ಯೂಜೆರ್ಸಿಯ ಬರ್ನಾರ್ಡ್ಸ್ ಟೌನ್‌ಶಿಪ್. ಇದನ್ನು ಗಮನವಿಟ್ಟು ಓದಿ. ಇಲ್ಲಿ ಧರ್ಮದ ಹೆಸರೆತ್ತಿ ಬೇಡ ಅನ್ನಲಿಲ್ಲ, ಪಾರ್ಕಿಂಗ್ ಮುಂದಿಟ್ಟರು. 150 ಜನರ ಮಸೀದಿಗೆ ಚರ್ಚುಗಳ ಲೆಕ್ಕದಲ್ಲಿ ಮೂವರಿಗೊಂದರಂತೆ 50 ವಾಹನಗಳ ಜಾಗ ಸಾಕಿತ್ತು, ಪಟ್ಟಣದ ಯೋಜನಾ ಮಂಡಳಿ 107 ಕೇಳಿತು. 39 ವಿಚಾರಣೆಗಳಾದ ಮೇಲೆ ಅರ್ಜಿ ತಿರಸ್ಕಾರವಾಯಿತು. 2016ರ ಕೊನೆಯ ದಿನ ಕೇಂದ್ರ ನ್ಯಾಯಾಲಯ ಈ ಪಾರ್ಕಿಂಗ್ ವಿಷಯದಲ್ಲಿ ಮಸೀದಿಯವರ ಪರ ತೀರ್ಪು ಕೊಟ್ಟಿತು, 2017ರಲ್ಲಿ ಪಟ್ಟಣ 32.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇಂಥ ಕಡತ ಕೈಗೆ ಬಂದಾಗ ಭಾಷಣಗಳನ್ನು ಪಕ್ಕಕ್ಕಿಡಿ. ಅದೇ ಮಂಡಳಿ ಅದಕ್ಕೂ ಮುಂಚೆ ಚರ್ಚಿಗೆ, ಸಿನಗಾಗಿಗೆ (ಯಹೂದಿ ಪ್ರಾರ್ಥನಾ ಮಂದಿರಕ್ಕೆ) ಎಷ್ಟು ವಾಹನಗಳ ಜಾಗ ಕೇಳಿತ್ತು ಅನ್ನೋ ದಾಖಲೆಯನ್ನು ಮೊದಲು ತೆಗೆಸಿ.