ಪೊಲಿಟಿಕಲ್ ಕಂಪಾಸ್ ಕ್ವಿಜ್‌ನಾಗ ಭೂಮಿ ಪ್ರಶ್ನೆಗೆ ನೀವು ಏನ ಒತ್ತಿದ್ರಿ?

ನರಗುಂದದಾಕಿ:
ಶನಿವಾರ ರಾತ್ರಿ ಹುಬ್ಬಳ್ಳಿ ರೂಮಿನ್ಯಾಗ ಕುಂತು ಪೊಲಿಟಿಕಲ್ ಕಂಪಾಸ್ ಕ್ವಿಜ್ ತಗೊಂಡ್ಯಾ. ನಮ್ಮ ರಾಜಕೀಯ ನಿಲುವು ಎಡಕ್ಕೋ ಬಲಕ್ಕೋ, ಮ್ಯಾಲೋ ಕೆಳಗೋ ಅಂತ ಒಂದ ಚುಕ್ಕಿ ಇಟ್ಟು ತೋರಸೋ ಆನ್‌ಲೈನ್ ಕ್ವಿಜ್ ಅದು. 62 ಹೇಳಿಕಿ ಅದಾವ. ಒಪ್ಪತೀನಿ, ಪೂರ್ತಿ ಒಪ್ಪತೀನಿ, ಒಪ್ಪಂಗಿಲ್ಲ, ಒಟ್ಟ ಒಪ್ಪಂಗಿಲ್ಲ, ಇಷ್ಟ. ನಡುವ ನಿಲ್ಲಾಕ ಜಾಗಾ ಇಲ್ಲ. ಮೊದಲಿನವನ್ನ ಸರಸರ ಒತ್ತಿಕೋತ ಹೋದ್ಯಾ. ಆಮ್ಯಾಲ ಭೂಮಿ ಕೊಂಡು ಮಾರೋ ಸರಕು ಆಗಬಾರದು ಅನ್ನೋ ಅರ್ಥದ ಸಾಲು ಬಂತು. ಅಲ್ಲಿ ಕೈ ನಿಂತಬಿಡ್ತು.

ನಮ್ಮಜ್ಜ ಗೇಣಿದಾರ. ಉಳುವವಗ ಹೊಲ ಕೊಡೋ 1974ರ ಭೂಸುಧಾರಣಿ ತಿದ್ದುಪಡಿ ಬಂದಮ್ಯಾಲ ಅದರ ಅರ್ಜಿ ನಮೂನೆ 7 ತುಂಬಿ, ಭೂ ನ್ಯಾಯಮಂಡಳಿಗೆ ಅಡ್ಡಾಡಿ ಅಡ್ಡಾಡಿ, ನಾಕ ಎಕರೆ ಎರಿ ಹೊಲ ಹೆಸರಿಗೆ ಮಾಡಿಸ್ಕೊಂಡ. ಉತಾರ ಕೈಗೆ ಬಂದ ದಿನ ಅದನ್ನ ದೇವರ ಜಗಲಿ ಮ್ಯಾಲ ಇಟ್ಟಿದ್ನಂತ. 1980ರ ಜುಲೈನಾಗ ಮಲಪ್ರಭಾ ನೀರಿನ ಕರದ ವಿರುದ್ಧ ನರಗುಂದ, ನವಲಗುಂದ ರೈತರು ಎದ್ದಾಗ ಅಜ್ಜನೂ ಹೋಗಿದ್ದ. ಅವನ ಮೊಮ್ಮಗಳು ನಾನು, ಪೂರ್ತಿ ಒಪ್ಪತೀನಿ ಅಂತನ ಒತ್ತಬೇಕಿತ್ತು. ಆದ್ರ 2022ರಾಗ ಅದರಾಗಿನ ಒಂದ ಎಕರೆ ಮಾರಿದ್ದಕ್ಕ ಅಪ್ಪನ ಹಾರ್ಟ್ ಆಪರೇಶನ್ ಆತು. ಮಾರಾಕ ಬರದಿದ್ರ ಅಪ್ಪ ಇವತ್ತ ಇರತಿರ್ಲಿಲ್ಲ.

ಭಾಳ ಹೊತ್ತು ಕುಂತು ‘ಒಪ್ಪತೀನಿ’ ಒತ್ತಿದ್ಯಾ. ಚುಕ್ಕಿ ಎಡಕ್ಕ, ಕೆಳಗ ಬಂತು. ಮರುದಿನ ಅಪ್ಪಗ ಫೋನಿನ್ಯಾಗ ಒಂದೊಂದ ಹೇಳಿಕಿನೂ ಕನ್ನಡದಾಗ ಹೇಳಿ ಒತ್ತಿದ್ಯಾ. ಭೂಮಿ ಸಾಲಿಗೆ, “ಅಡಚಣಿ ಬಂದಾಗ ಮಾರಾಕ ಬರಬೇಕ ಯವ್ವಾ, ಇಲ್ಲಂದ್ರ ಸಾಲಕ್ಕ ಯಾರ ಕಾಲ ಹಿಡಿಯೋದು” ಅಂದ. ಅವನ ಚುಕ್ಕಿ ಬಲಕ್ಕ, ಮ್ಯಾಲ ಬಂತು. ಒಂದ ಹೊಲದ ಅನ್ನ ಉಂಡವರು ಇಷ್ಟ ದೂರ ಅದೀವಿ ಅಂತ ನೋಡಿ ಸಂಕಟ ಆತು. ನಿಮ್ಮ ಮನ್ಯಾಗ ಹೆಂಗ ಬಂತು?

ಧಾರವಾಡದ ಮೇಷ್ಟ್ರು:
ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ. ಎಡ, ಬಲ ಎಂಬ ಮಾತು ಹುಟ್ಟಿದ್ದು 1789ರಲ್ಲಿ, ಫ್ರಾನ್ಸಿನ ಸಭೆಯಲ್ಲಿ ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೆ, ವಿರೋಧಿಗಳು ಎಡಕ್ಕೆ ಕೂತಿದ್ದರಿಂದ. ಈ ಕ್ವಿಜ್ ಅದನ್ನು ಆರ್ಥಿಕ ಗೆರೆ ಮಾಡಿ, ಮೇಲೆ ಅಧಿಕಾರ, ಕೆಳಗೆ ಸ್ವಾತಂತ್ರ್ಯ ಇರುವ ಇನ್ನೊಂದು ಗೆರೆಯನ್ನು ಅದಕ್ಕೆ ಅಡ್ಡ ಹಾಕಿದೆ. ಎರಡೂ −10ರಿಂದ +10. ತಟಸ್ಥ ಉತ್ತರ ಬೇಕಿದ್ದರೆ 8ವ್ಯಾಲ್ಯೂಸ್ ಎಂಬ ಇನ್ನೊಂದು ಕ್ವಿಜ್ ನೋಡಿ, 70 ಪ್ರಶ್ನೆ, ನಾಲ್ಕು ಗೆರೆ.

ಆದರೆ ನಿಮ್ಮ ತೊಡಕು ತಟಸ್ಥದ್ದಲ್ಲ ಅನಿಸುತ್ತದೆ. ‘ಮಾರಬಹುದೇ’ ಎನ್ನುವುದು ನಮ್ಮ ಕಡೆಯ ಪ್ರಶ್ನೆಯೇ ಅಲ್ಲ. ‘ಯಾರಿಗೆ’ ಎನ್ನುವುದು ಪ್ರಶ್ನೆ. 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಈಗ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಇದನ್ನು ತಂದೆಯವರಿಗೆ ಕೇಳಿ ನೋಡಿ.

ಬ್ಯಾಡಗಿ ಕಡೆಯವ:
ಮೇಷ್ಟ್ರ ಮಾತು ಖರೆ. ನಮ್ಮ ಊರ ಸುತ್ತ ಮೆಣಸಿನಕಾಯಿ ಹೊಲಕ್ಕ ತಂತಿ ಬೇಲಿ ಬಿದ್ದಾವ, ಒಳಗ ಬೆಳಿ ಇಲ್ಲ. ನಾನು ಪೂರ್ತಿ ಒಪ್ಪತೀನಿ ಒತ್ತಿದ್ದು ಆ ಬೇಲಿ ನೋಡಿ.

ಗದಗಿನವ:
ನನಗ ಬ್ಯಾರೆ ತಕರಾರು ಐತ್ರಿ. ಆ ಆರ್ಥಿಕ ಗೆರಿ ಎಡ ತುದಿಗೆ ಸರ್ಕಾರ, ಬಲ ತುದಿಗೆ ಮಾರ್ಕೆಟ್ಟು ಇಟ್ಟೈತಿ. 1905ರಾಗ ನಮ್ಮ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ರು, ಊರಾಗಿನ ರೈತರ ಕೂಡಿ ರೈತರಿಗೆ ಸಾಲ ಕೊಡಾಕ. ಅಂಥಾ ಸಂಘ ಗಟ್ಟಿ ಇದ್ದಲ್ಲಿ ಆಪರೇಶನ್ನಿಗೆ ಹೊಲ ಮಾರೋ ಪ್ರಸಂಗನ ಬರಬಾರದು. ಅದರ ಚುಕ್ಕಿ ಎಲ್ಲಿ ಇಡೂಣ?

ನರಗುಂದದಾಕಿ:
ಮೇಷ್ಟ್ರ, ಅಪ್ಪಗ ಕೇಳಿದ್ಯಾ. “ಒಕ್ಕಲುತನ ಮಾಡೋರಿಗೆ ಅಷ್ಟ ಮಾರಬೇಕು” ಅಂತ ತಟ್ಟನ ಅಂದ. ಆಮ್ಯಾಲ ಸ್ವಲ್ಪ ಹೊತ್ತು ಸುಮ್ಮನಿದ್ದು, ಆವಾಗ ಹುಬ್ಬಳ್ಳಿಯಿಂದ ಒಬ್ರು ಬಂದು ಎರಡ ಲಕ್ಷ ಜಾಸ್ತಿ ಕೊಡತೀನಿ ಅಂದಿದ್ರು, ಬ್ಯಾಡ ಅಂತ ಬದುವಿನ ಆಚಿ ಹೊಲದವರಿಗೆ ಕೊಟ್ಟೆ ಅಂದ. ದವಾಖಾನಿ ಬಿಲ್ಲಿಗೆ ಕಡಿಮಿ ಬಿದ್ದದ್ದನ್ನ ಅವ್ವನ ಬಂಗಾರದ ಬಳಿ ಅಡ ಇಟ್ಟು ತುಂಬಿದ್ನಂತ. ಬಳಿ ಯಾಕ ಅಡ ಬಿದ್ದಾವ ಅಂತ ನನಗ ಇವತ್ತಿನ ತನಕ ಯಾರೂ ಹೇಳಿರ್ಲಿಲ್ಲ.