ಗುಳಿಗೆ ಬಿಟ್ಟು ಪುಡಿ ಹಿಡಿದು 24 ದಿನ. ಶುಗರ್ ಏರ್ತಿದೆ. ಇದು ‘ವಿಷ ಹೊರಗೆ ಹೋಗೋದು’ ಹೌದಾ?

ಸಪ್ತಾಪುರ ಜೆರಾಕ್ಸ್

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ವಯಸ್ಸು 54. ಶುಗರ್ ಬಂದು ಆರು ವರ್ಷ ಆಯ್ತು. ದಿನಕ್ಕೆ ಎರಡು ಮೆಟ್‌ಫಾರ್ಮಿನ್, ರಾತ್ರಿ ಕೊಲೆಸ್ಟರಾಲ್‌ಗೆ ಒಂದು. ಶುರುವಿನಲ್ಲಿ ಒಂದೇ ಗುಳಿಗೆ ಇತ್ತು. ದವಾಖಾನೆಗೆ ಹೋದ ಹಾಗೆಲ್ಲ ಚೀಟಿ ಉದ್ದ ಆಗ್ತಾ ಹೋಯ್ತು.

ಒಂದು ವರ್ಷದಿಂದ ಅಂಗಾಲು ಜುಂ ಅನ್ನುತ್ತೆ. ರಾತ್ರಿ ಹಾಸಿಗೆಗೆ ಬಿದ್ದರೆ ಇರುವೆ ಹರಿದ ಹಾಗೆ. ಡಾಕ್ಟರಿಗೆ ಹೇಳಿದೆ. ತಲೆ ಎತ್ತದೆ, ‘ಶುಗರ್ ಇದ್ದವರಿಗೆ ಆಗ್ತದ’ ಅಂದರು. ಅಷ್ಟೇ. ನನ್ನ ಹಿಂದೆ ಹದಿನೇಳು ಜನ ಕೂತಿದ್ದರು, ಎಣಿಸಿದ್ದೆ.

ಸಿಟ್ಟು ಬಂದು ಮೆಡಿಕಲ್‌ನವರ ಹತ್ತಿರ ಗುಳಿಗೆ ಜೊತೆ ಬರುವ ಕಾಗದ ಕೇಳಿ ತಂದೆ. ಎಂಟು ಮಡಿಕೆ ಮಡಚಿದ್ದು, ಅಕ್ಷರ ಸಾಸಿವೆಗಿಂತ ಸಣ್ಣ. ನನ್ನದೇ ಮಷಿನ್ ಇದೆಯಲ್ಲ, 200 ಪರ್ಸೆಂಟ್ ದೊಡ್ಡದು ಮಾಡಿ ಓದಿದೆ. ಭೇದಿ, ವಾಂತಿ, ಬಾಯಲ್ಲಿ ಕಬ್ಬಿಣದ ರುಚಿ, ರಕ್ತದಲ್ಲಿ ಆಸಿಡ್... ಅಲ್ಲಿಗೆ ಎದೆ ಧಸಕ್ ಅಂತು. ಆರು ವರ್ಷ ಇದನ್ನ ನುಂಗಿದ್ದೀನಾ ಅನ್ನಿಸಿತು.

ಅದೇ ವಾರ ನಮ್ಮ ಓಣಿಯ ಕಾಕಾ ಒಬ್ಬರು ಅಂಗಡಿಗೆ ಬಂದರು. ಇಪ್ಪತ್ತು ವರ್ಷದ ಪರಿಚಯ. ರಿಟೈರ್ ಆದ ಮೇಲೆ ಒಂದು ಸ್ಕೀಮ್ ಸೇರಿದ್ದಾರೆ, ಪುಡಿ ಮಾರ್ತಾರೆ. ನೇರಳೆ ಬೀಜ, ಹಾಗಲಕಾಯಿ, ಮೆಂತ್ಯ, ಅಮೃತಬಳ್ಳಿ. ತಿಂಗಳಿಗೆ 1,850 ರೂಪಾಯಿ. ‘ಗುಳಿಗಿ ಉಷ್ಣ ತಮ್ಮಾ, ಅದಕ್ಕ ಕಾಲು ಉರೀತಾವ. ಇದು ಗಿಡಮೂಲಿಕಿ, ಏನೂ ಆಗಂಗಿಲ್ಲ’ ಅಂದರು. ಅಮಾವಾಸ್ಯೆ ಮುಗಿಸಿ ಗುಳಿಗೆ ಬಿಟ್ಟೆ. ಮನೆಯವಳಿಗೆ ಹೇಳಿಲ್ಲ.

ಮೊದಲ ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 134 ಬಂತು. ಮೊದಲು 138, 140 ಇರ್ತಿತ್ತು. ಖುಷಿಯಾಗಿ ಎರಡನೇ ಡಬ್ಬಿಗೂ ದುಡ್ಡು ಕೊಟ್ಟುಬಿಟ್ಟೆ. ಈಗ 24ನೇ ದಿನ. ಮೊನ್ನೆ 161, ಇವತ್ತು 172. ಕಾಕಾ ಹೇಳ್ತಾರೆ: ‘ಹಳೇ ಗುಳಿಗಿ ವಿಷ ಹೊರಗ ಹೊಂಟೈತಿ, ಮೊದಲು ಏರ್ತದ, ಆಮ್ಯಾಲ ಇಳೀತದ.’ ಇದು ನಿಜಾನಾ? ಅನುಭವ ಇದ್ದವರು ಹೇಳಿ. ದಯವಿಟ್ಟು ಬೈಬೇಡಿ.

ಹಳೇ ಹುಬ್ಬಳ್ಳಿ 58

ಬೈಯಲ್ಲ ಅಣ್ಣಾ. ನಿಮ್ಮ ಸಂಶಯ ತಪ್ಪಲ್ಲ. ರೋಸಿಗ್ಲಿಟಜೋನ್ ಅಂತ ಒಂದು ಶುಗರ್ ಗುಳಿಗೆ ಇತ್ತು. ನಮ್ಮ ಮಾವ ವರ್ಷಗಟ್ಟಲೆ ತಗೊಂಡರು. ಹೃದಯಕ್ಕೆ ತೊಂದರೆ ಅಂತ 2010ರಲ್ಲಿ ನಮ್ಮ ದೇಶದಲ್ಲಿ ಬಂದ್ ಮಾಡಿದರು. ಪಿಯೋಗ್ಲಿಟಜೋನ್ ಅನ್ನೋ ಇನ್ನೊಂದು ಶುಗರ್ ಗುಳಿಗೆ ಕಥೆ ಇನ್ನೂ ಮಜಾ. 2013ರ ಜೂನ್‌ನಲ್ಲಿ ನಿಲ್ಲಿಸಿದರು, ಜುಲೈನಲ್ಲಿ ಎಚ್ಚರಿಕೆ ಬರಹ ಹಾಕಿ ಮತ್ತೆ ಬಿಟ್ಟರು. ಇಂಥವರನ್ನ ಕಣ್ಣು ಮುಚ್ಚಿ ನಂಬೋದು ಹೆಂಗೆ? ನಾನಂತೂ ಬೆಳಿಗ್ಗೆ ಮೆಂತ್ಯದ ನೀರು, ಮಧ್ಯಾಹ್ನ ಜೋಳದ ರೊಟ್ಟಿ. ಆರಾಮ ಇದ್ದೀನಿ.

ರಾಣೆಬೆನ್ನೂರು ಮೆಡಿಕಲ್

ಹಳೇ ಹುಬ್ಬಳ್ಳಿ ಅಣ್ಣಾರ, ನಿಮಗೆ ಶುಗರ್ ಇದೆಯಾ ಇಲ್ಲವಾ ಅದನ್ನೇ ಬರೆದಿಲ್ಲ ನೀವು.

ಜೆರಾಕ್ಸ್ ಸರ್, ನಾನು ಗುಳಿಗೆ ಮಾರೋನು. ಹಾಗಾಗಿ ನನ್ನ ಮಾತನ್ನ ಸ್ವಲ್ಪ ಕಡಿಮೆ ಮಾಡಿಕೊಂಡೇ ಕೇಳಿ. ಆದರೆ ಲೆಕ್ಕ ನೋಡಿ. ಮೆಟ್‌ಫಾರ್ಮಿನ್ ಒಂದಕ್ಕೆ ಎರಡು ರೂಪಾಯಿ ಆಸುಪಾಸು. ಜನೌಷಧಿಯಲ್ಲಿ ಇನ್ನೂ ಕಡಿಮೆ. ನಿಮ್ಮ ಪುಡಿ ದಿನಕ್ಕೆ ಅರವತ್ತು ರೂಪಾಯಿ ದಾಟಿತು. ದುಡ್ಡಿನ ಆಸೆ ಯಾರಿಗೆ ಜಾಸ್ತಿ?

ಇನ್ನೊಂದು. ಮೆಟ್‌ಫಾರ್ಮಿನ್ ಮೂಲವೂ ಗಿಡವೇ. ಯುರೋಪಿನಲ್ಲಿ ಗಲೇಗಾ ಅಂತ ಒಂದು ಗಿಡ. ಅಲ್ಲಿನ ನಾಟಿ ವೈದ್ಯರು ಕೊಡ್ತಿದ್ದರು. ಅದನ್ನ ಮೇಯ್ದು ಕುರಿ ಸತ್ತದ್ದೂ ಇದೆ. ಗಿಡದಲ್ಲಿದ್ದ ಅಂಶದ ಜಾಡು ಹಿಡಿದು 1922ರಲ್ಲಿ ಮೆಟ್‌ಫಾರ್ಮಿನ್ ತಯಾರಾಯ್ತು. 1957ರಲ್ಲಿ ಪ್ಯಾರಿಸ್‌ನ ಜ್ಯಾಂ ಸ್ಟರ್ನ್ ಅನ್ನೋ ಡಾಕ್ಟರ್ ರೋಗಿಗಳಿಗೆ ಕೊಟ್ಟು ಬರೆದರು. ಗಿಡ ಅಂದರೆ ಸಾಧು, ಗುಳಿಗೆ ಅಂದರೆ ವಿಷ ಅಂತ ಏನಿಲ್ಲ.

ಹಾಗಂತ ಮೆಂತ್ಯ, ಹಾಗಲ ಸುಳ್ಳು ಅಂತಲ್ಲ. ಸ್ವಲ್ಪ ಇಳಿಸಬಹುದು. ಗುಳಿಗೆ ಜೊತೆ ತಿನ್ನಿ, ಡಾಕ್ಟರಿಗೆ ಹೇಳಿ ತಿನ್ನಿ. ನನಗೆ ಭಯ ಇರೋದು ಹೆಸರಿಲ್ಲದ ಪುಡಿಗಳದ್ದು. ನಮ್ಮ ಅಂಗಡಿಗೆ ಮೊಣಕಾಲು ನೋವಿನ ಪುಡಿ ತಿಂದು ಮುಖ ಚಂದ್ರನ ಹಾಗೆ ಊದಿಸಿಕೊಂಡು ಬಂದವರನ್ನ ನೋಡಿದ್ದೀನಿ. ಸ್ಟೆರಾಯ್ಡ್ ಬೆರೆಸಿದರೆ ಹಾಗಾಗುತ್ತೆ. 2004ರಲ್ಲಿ ಅಮೆರಿಕದ ಬೋಸ್ಟನ್ ಕಡೆ ಅಂಗಡಿಗಳಲ್ಲಿ ಸಿಗ್ತಿದ್ದ 70 ಆಯುರ್ವೇದ ಔಷಧಿ ಪರೀಕ್ಷಿಸಿದ ವರದಿ ಬಂತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಡಬ್ಬಿ ಮೇಲೆ ಏನು ಬರೆದಿದೆ ಓದಿದ್ದೀರಾ? ಗುಳಿಗೆ ಕಾಗದ ಓದಿದಿರಲ್ಲ, ಹಾಗೇ.

ಡೋಣಿ ಅಕ್ಕ

ನಮ್ಮೂರು ಗದಗ ಜಿಲ್ಲೆ, ಕಪ್ಪತಗುಡ್ಡದ ಬುಡ. ಗಿಡಮೂಲಿಕೆ ಬಗ್ಗೆ ನನಗೆ ಯಾರೂ ಹೇಳಿಕೊಡೋದು ಬೇಡ. ನಮ್ಮ ಅಜ್ಜ ಗುಡ್ಡದಿಂದ ಮಧುನಾಶಿನಿ ತರ್ತಿದ್ದರು. ಈಗ ತರೋ ಹಾಗಿಲ್ಲ, 2019ರಲ್ಲಿ ಗುಡ್ಡ ವನ್ಯಜೀವಿಧಾಮ ಆಯ್ತು. ಆ ಎಲೆ ಅಗಿದು ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಉಸುಕು ತಿಂದ ಹಾಗೆ ಆಗುತ್ತೆ. ಸಿಹಿ ಗೊತ್ತೇ ಆಗಲ್ಲ. ಸಣ್ಣವರಿದ್ದಾಗ ನಾವು ಪೇಡೆ ತಿಂದು ನೋಡಿ ನಗ್ತಿದ್ದೆವು.

ಅಪ್ಪಾರು ಅದನ್ನೇ ನಂಬಿದರು. ‘ಬಾಯಾಗಿನ ಸಕ್ರಿನ ಕೊಲ್ತದ, ಅಂದ್ರ ರಕ್ತದಾಗಿಂದೂ ಕೊಲ್ತದ’ ಅಂತ. ಅರ್ಧ ಗಂಟೆ, ಮುಕ್ಕಾಲು ಗಂಟೆ ಆದರೆ ನಾಲಿಗೆಗೆ ಸಿಹಿ ವಾಪಸ್ ಬರುತ್ತೆ. ರಕ್ತದಲ್ಲಿನದು ಎಲ್ಲಿಗೂ ಹೋಗಿರಲಿಲ್ಲ. ಗುಳಿಗೆ ಬಿಟ್ಟು ಹನ್ನೊಂದು ತಿಂಗಳು ಇದ್ದರು. ಹೊಲದಲ್ಲಿ ಕಾಲಿಗೆ ಹತ್ತಿ ಕಟ್ಟಿಗೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಗೊತ್ತಾದಾಗ ಹೆಬ್ಬೆರಳು ಕಪ್ಪಾಗಿತ್ತು. ತೆಗೆದರು. ನಿಮ್ಮ ಅಂಗಾಲಿನ ವಿಷಯ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಮತ್ತೆ ಆ ‘ವಿಷ ಹೊರಗೆ ಹೋಗೋದು’. ಶುಗರ್ ಇಳಿದರೆ ಪುಡಿಯಿಂದ, ಏರಿದರೂ ಪುಡಿಯಿಂದ. ಹಾಗಾದರೆ ಪುಡಿ ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗೋದು ಯಾವಾಗ? ನಿಮ್ಮ ಕಾಕಾರನ್ನ ಇದೊಂದು ಕೇಳಿ ನೋಡಿ ಅಣ್ಣಾ. ಮತ್ತೆ ಮನೆಯವರಿಗೆ ಹೇಳಿ. ಇವತ್ತೇ ಹೇಳಿ.

ಸಪ್ತಾಪುರ ಜೆರಾಕ್ಸ್

ಡಬ್ಬಿಯ ಲೇಬಲ್ ಬಿಚ್ಚಿ ಮಷಿನ್ ಮೇಲೆ ಇಟ್ಟೆ. ಮುಂದೆ ದೊಡ್ಡದಾಗಿ ‘100% ನೈಸರ್ಗಿಕ’, ಪಕ್ಕದಲ್ಲಿ ನಗ್ತಿರೋ ಅಜ್ಜ ಅಜ್ಜಿ. ಹಿಂದೆ ಮೂಲೆಯಲ್ಲಿ ಇಂಗ್ಲಿಷ್‌ನಲ್ಲಿ: ‘ನಾಟ್ ಫಾರ್ ಮೆಡಿಸಿನಲ್ ಯೂಸ್’. ಔಷಧಿಯಾಗಿ ಬಳಸೋಕಲ್ಲ ಅಂತ! ಕೆಳಗೆ ಫುಡ್ ಲೈಸೆನ್ಸ್‌ನ 14 ಅಂಕಿ. ಅಂದರೆ ಇದು ಸರಕಾರದ ಲೆಕ್ಕದಲ್ಲಿ ತಿಂಡಿ. ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಆಮೇಲೆ ನಗು ನಿಂತಿತು.

ಮನೆಯವಳಿಗೆ ಹೇಳಿದೆ. ಅವಳು ಏನಂದಳು ಅನ್ನೋದು ಇಲ್ಲಿ ಬರೆಯುವಂಥದ್ದಲ್ಲ.

ರಾಣೆಬೆನ್ನೂರು ಮೆಡಿಕಲ್

ಆ ಸಾಲು ಅಂಥ ಡಬ್ಬಿಗಳ ಮೇಲೆ ಹಾಕಲೇಬೇಕು ಸರ್, ರೂಲ್ಸ್ ಇದೆ. ಅದಕ್ಕೇ ಮೂಲೆಯಲ್ಲಿ ಹಾಕ್ತಾರೆ. ಶುಗರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋ ಹಾಗೂ ಇಲ್ಲ, 1954ರ ಕಾಯ್ದೆ ಇದೆ. ಅದಕ್ಕೆ ಲೇಬಲ್‌ನಲ್ಲಿ ಬರೆಯಲ್ಲ. ಕಾಕಾ ಬಾಯಲ್ಲಿ ಹೇಳಿಸ್ತಾರೆ.

ಖಾಲಿ ಹೊಟ್ಟೆಯದೊಂದೇ ನೋಡಬೇಡಿ. ಊಟ ಆಗಿ ಎರಡು ಗಂಟೆಗೆ ನೋಡಿ. ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ, ಅದರಲ್ಲಿ ಎರಡು ಮೂರು ತಿಂಗಳ ಶುಗರ್ ಸರಾಸರಿ ಸಿಗುತ್ತೆ. ಜೊತೆಗೆ ವಿಟಮಿನ್ ಬಿ12 ಪರೀಕ್ಷೆ. ಮರೀಬೇಡಿ.

ಹಳೇ ಹುಬ್ಬಳ್ಳಿ 58

ನನಗೆ ಶುಗರ್ ಇಲ್ಲ. ಬರದೇ ಇರಲಿ ಅಂತ ಮೆಂತ್ಯ. ಆದರೂ ಆ ಗುಳಿಗೆ ಬಂದ್ ಮಾಡಿದ್ದು ಸುಳ್ಳೇನಲ್ಲ.

ಸಪ್ತಾಪುರ ಜೆರಾಕ್ಸ್

ಒಂದು ತಿಂಗಳು ಆದ ಮೇಲೆ ಬರೀತಿದ್ದೀನಿ, ಕ್ಷಮಿಸಿ. ಪರೀಕ್ಷೆ ಸೀಸನ್. ಅಂಗಡಿಯಲ್ಲಿ ನಿಲ್ಲಲು ಜಾಗ ಇಲ್ಲ.

ಊಟದ ನಂತರ 268. ಎಚ್‌ಬಿಎ1ಸಿ 8.1, ಹಿಂದಿನ ಸಲ 7.2 ಇತ್ತು. ಅದೇ ಡಾಕ್ಟರ್ ಹತ್ತಿರ ಹೋದೆ. ಈ ಸಲ ಬುಧವಾರ ಮಧ್ಯಾಹ್ನ ಹೋದೆ, ಮೂರೇ ಜನ. ಪ್ರಶ್ನೆಗಳನ್ನ ಚೀಟಿಯಲ್ಲಿ ಬರೆದುಕೊಂಡಿದ್ದೆ. ಪುಡಿ ವಿಷಯನೂ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಸುಮ್ನೆ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು.

ಬಿ12 ರಿಪೋರ್ಟ್ 156. ಕಡಿಮೆ ಅಂದರೆ ಕಡಿಮೆ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೆ ಬಿ12 ಇಳಿಯುತ್ತಂತೆ. ನಮ್ಮದು ಶಾಖಾಹಾರಿ ಮನೆ ಬೇರೆ. ಕಾಲಿನ ಜುಂ ಅದರಿಂದಲೂ ಇರಬಹುದು, ಶುಗರ್‌ನಿಂದಲೂ ಇರಬಹುದು ಅಂದರು. ‘ಇದನ್ನ ವರ್ಷದ ಹಿಂದೆ ನೋಡಬೇಕಿತ್ತಲ್ಲ ಸರ್’ ಅಂದೆ. ‘ಹೌದು, ನೋಡಬೇಕಿತ್ತು’ ಅಂದರು. ಆ ಮಾತು ಕೇಳಿ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಇನ್ನರ್ಧ ಇದೆ.

ಮನೆಗೆ ಬಂದು ಆ 200 ಪರ್ಸೆಂಟ್ ಕಾಗದ ಮತ್ತೆ ತೆಗೆದೆ. ಬಿ12 ಅಂತ ಅಲ್ಲೇ ಇದೆ. ಆಸಿಡ್ ಅನ್ನೋದು ಓದಿ ಹೆದರಿ ಮುಂದಿನದು ಓದೇ ಇರಲಿಲ್ಲ ನಾನು. ಹಳೇ ಹುಬ್ಬಳ್ಳಿ ಅಣ್ಣಾ, ನೀವು ಹೇಳಿದ್ದರ ಬಗ್ಗೆ ಯೋಚನೆ ಮಾಡಿದೆ. ಆ ಗುಳಿಗೆ ಬಂದ್ ಆಗಿದ್ದು ಯಾರೋ ಕೂತು ಲೆಕ್ಕ ಇಟ್ಟಿದ್ದಕ್ಕೆ ಅಲ್ವಾ? ಈ ಡಬ್ಬಿ ತಿಂದವರ ಲೆಕ್ಕ ಯಾರ ಹತ್ತಿರ ಇದೆ? ಕಾಕಾರ ಹತ್ತಿರ ದುಡ್ಡಿನ ಲೆಕ್ಕ ಮಾತ್ರ ಇದೆ.

ಈಗ ಮೆಟ್‌ಫಾರ್ಮಿನ್ ಮತ್ತೆ ಶುರು, ನಿಧಾನವಾಗಿ ಕರಗೋ ತರಹದ್ದು. ಹೊಟ್ಟೆ ಕೆಡೋದು ಕಡಿಮೆ. ಬಿ12 ಇಂಜೆಕ್ಷನ್ ನಡೀತಿದೆ. ಮೆಂತ್ಯದ ನೀರು ಬಿಟ್ಟಿಲ್ಲ, ಡಾಕ್ಟರ್ ಬೇಡ ಅನ್ನಲಿಲ್ಲ. ಸಂಜೆ ಕೆಲಗೇರಿ ಕೆರೆ ದಂಡೆ ಮೇಲೆ ವಾಕಿಂಗ್. ಇವತ್ತು ಬೆಳಿಗ್ಗೆ 141. ಕಾಲು ಇನ್ನೂ ಜುಂ ಅನ್ನುತ್ತೆ, ಆದರೆ ಮೊದಲಿನಷ್ಟಿಲ್ಲ.

ಡೋಣಿ ಅಕ್ಕಾ, ನೀವು ಹೇಳಿದ ಪ್ರಶ್ನೆ ಕಾಕಾರಿಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಂಗೂ ಮೀಟಿಂಗ್‌ನಾಗ ಹಂಗ ಹೇಳ್ಯಾರಪ್ಪಾ’ ಅಂದರು. ಅವರಿಗೂ ಶುಗರ್ ಇದೆ. ಅವರು ಮಾತ್ರ ಗುಳಿಗೆ ಬಿಟ್ಟಿಲ್ಲವಂತೆ. ಎರಡನೇ ಡಬ್ಬಿ ಸೀಲ್ ಒಡೆದಿಲ್ಲ, ಕೌಂಟರ್ ಕೆಳಗಿದೆ. ವಾಪಸ್ ತಗೊಳ್ತೀರಾ ಅಂತ ಕೇಳೋಕೆ ಇನ್ನೂ ಬಾಯಿ ಬಂದಿಲ್ಲ.