ಅಪ್‌ಡೇಟ್: ಅಮ್ಮನ ಸೊಂಟನೋವಿಗೆ ಸದ್ಯ ಶಸ್ತ್ರಚಿಕಿತ್ಸೆ ಬೇಡವಂತೆ

ಎಂಆರ್‌ಐಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದದ್ದಕ್ಕೆ ಅಮ್ಮನಿಗೆ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೇ ಎಂದು ಕೇಳಿದ್ದೆ. ಇನ್ನೊಬ್ಬ ವೈದ್ಯರಿಗೆ ತೋರಿಸಿ ಎಂದವರಿಗೆಲ್ಲ ಕೈಮುಗಿಯುತ್ತೇನೆ. ನೋವೇ ಇಲ್ಲದವರಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ, ಇಂಥ ಉಬ್ಬು ಸಾಮಾನ್ಯ ಎಂದು ಆ ಎರಡನೇ ವೈದ್ಯರು ಬಿಡಿಸಿ ಹೇಳಿದರು. ಅಮ್ಮನ ಕಾಲಿನ ಶಕ್ತಿ, ಸ್ಪರ್ಶ ಸರಿಯಿವೆ.

ಈಗ ಅಮ್ಮ ವ್ಯಾಯಾಮಕ್ಕೆಂದು ಚಾಪೆಯ ಮೇಲೆ ಮಂಡಿ, ಅಂಗೈ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಉಸಿರು ಬಿಗಿಹಿಡಿಯದೆ ನಿಲ್ಲುತ್ತಾರೆ. ಹಾಸಿಗೆಯಿಂದ ಪಕ್ಕಕ್ಕೆ ಹೊರಳಿ, ಕೈಯೂರಿ ಏಳುತ್ತಾರೆ. ನೋವು ಪೂರ್ತಿ ಹೋಗಿಲ್ಲ, ಆದರೆ ಸಂತೆಗೆ ನಡೆದೇ ಹೋಗುತ್ತಿದ್ದಾರೆ!

ಸೊಂಟದ ಬೆಲ್ಟ್ ಬಗ್ಗೆ ವಿಚಾರಿಸಿದವರಿಗೆ: ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಎರಡನ್ನೂ ವಾಡಿಕೆಯಾಗಿ ಬಳಸಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ. ಮೂತ್ರದ ಹಿಡಿತ ತಪ್ಪಿದರೆ ಅಥವಾ ಕಾಲು ಸೋಲತೊಡಗಿದರೆ ತಕ್ಷಣ ಆಸ್ಪತ್ರೆಗೆ ಬರಬೇಕೆಂದು ವೈದ್ಯರು ಒತ್ತಿ ಹೇಳಿದ್ದಾರೆ.